ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ: ಅಮೆರಿಕದ ಕ್ಲೈಂಟಾ, ಗಂಗಾವತಿಯ ರೈಸ್ ಮಿಲ್ಲಾ?

ಬಳ್ಳಾರಿಯಲ್ಲೇ ಇದ್ದುಕೊಂಡು, ಬೆಳೆಯುತ್ತಿರುವ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಬೇಕು ಅಂದ್ರೆ ದಾರಿ ಎರಡು. ಬೆಂಗಳೂರಿನ ಕಂಪನಿ ಸೇರಿ, ಮನೆಯಿಂದಲೇ ಅಮೆರಿಕದ ಕ್ಲೈಂಟ್ ನೋಡಿಕೊಳ್ಳುವುದು. ಇಲ್ಲವೇ ಇಲ್ಲಿನ ಜೀನ್ಸ್ ಘಟಕ, ಗಂಗಾವತಿಯ ರೈಸ್ ಮಿಲ್‌ಗಳಿಗೆ ಬಿಲ್ಲಿಂಗ್, ಸ್ಟಾಕ್ ಸಾಫ್ಟ್‌ವೇರ್ ಕೊಡುವ ಕಂಪನಿ ಸೇರುವುದು.

ಮೊದಲನೆಯದರಲ್ಲಿ ಸಂಬಳ ಸಾಮಾನ್ಯವಾಗಿ ಜಾಸ್ತಿ. ಆದರೆ ಸಂಜೆ ನಿಮ್ಮದಲ್ಲ. ನ್ಯೂಯಾರ್ಕಿನ ಬೆಳಿಗ್ಗೆ 9 ಅಂದ್ರೆ ನಮಗೆ ಸಂಜೆ 6:30. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟ ಮೇಲೆ 7:30. ಒಳ್ಳೆಯದೇನೆಂದರೆ, ಹೆಚ್ಚಿನದೆಲ್ಲ ಬರಹದಲ್ಲಿರುತ್ತದೆ. ಹೊಸದೇನಾದರೂ ಕೇಳಿದರೆ ಚೇಂಜ್ ರಿಕ್ವೆಸ್ಟ್ (ಬದಲಾವಣೆಯ ಲಿಖಿತ ವಿವರ) ಕಳಿಸಿ, ಎಷ್ಟು ದಿನ, ಎಷ್ಟು ದುಡ್ಡು ಅಂತ ನೇರವಾಗಿ ಹೇಳಬಹುದು.

ಮಿಲ್ಲಿನಲ್ಲಿ ಹಾಗಲ್ಲ. ಸಾಹುಕಾರರು ಚಹಾ ತರಿಸಿ, "ಇದೊಂದು ರಿಪೋರ್ಟ್ ಹಾಕಿಕೊಡ್ರಿ, ಅದೇನ್ ದೊಡ್ಡದು?" ಅಂತಾರೆ. ಆ ರಿಪೋರ್ಟು ನಿಮ್ಮ ಡೆವಲಪರ್‌ನ ಒಂದು ವಾರ ನುಂಗುತ್ತದೆ. ಮುಖ ನೋಡಿ ಇಲ್ಲ ಅನ್ನೋದು ಕಷ್ಟ, ಅಲ್ವಾ? ಭತ್ತದ ಸುಗ್ಗಿಯಲ್ಲಂತೂ ಹೊಸ ವರ್ಷನ್ ಮಾತೇ ಎತ್ತಬೇಡಿ. ಗೇಟಿನಲ್ಲಿ ಲಾರಿ ಸಾಲು ನಿಂತಿರುವಾಗ ತೂಕದ ಚೀಟಿ ಪ್ರಿಂಟ್ ಆಗಲಿಲ್ಲ ಅಂದ್ರೆ ಫೋನ್ ಬರೋದು ನಿಮಗೇ. ಆದರೆ ಲಾರಿ ತೂಗುವ ಕಾಟಾ ಪಕ್ಕ ಅರ್ಧ ದಿನ ನಿಂತು ಕಲಿಯುವ ವ್ಯವಹಾರ ಯಾವ ವಿಡಿಯೊ ಕಾಲ್‌ನಲ್ಲೂ ಸಿಗಲ್ಲ.

ಹೊಸಬರು ಮಿಲ್ ಕಡೆಯೇ ಹೋಗಿ ಅಂತೀನಿ. ಇಂಗ್ಲಿಷಿನಲ್ಲಿ ಮೀಟಿಂಗ್ ನಡೆಸುವ ರೂಢಿ ಇದ್ದು, ಮನೆಯವರೂ ರಾತ್ರಿ ಕಾಲ್‌ಗೆ ಒಪ್ಪಿದರೆ ಅಮೆರಿಕದ್ದು ನೋಡಿ. ಬೆಂಗಳೂರಿನ ಆಫೀಸಿಗೆ ತಿಂಗಳಿಗೆ ಎಷ್ಟು ಸಲ ಹೋಗಬೇಕು, ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ಟಿನ ದುಡ್ಡು ಯಾರದು ಅನ್ನೋದನ್ನ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ.