ಅರ್ಜಿ ಸಲೀಸು, ಅಳತೆ ಒರಟು: ಅಮೆರಿಕದ ಕೊರೊನಾ ಕೃಷಿ ಪರಿಹಾರ

2020ರ ವಸಂತದಲ್ಲಿ ಶಾಲೆಗಳೂ ಹೋಟೆಲುಗಳೂ ಮುಚ್ಚಿ, ವಿಸ್ಕಾನ್ಸಿನ್‌ನ ಹೈನುಗಾರರು ಕರೆದ ಹಾಲನ್ನು ಗೊಬ್ಬರದ ಗುಂಡಿಗೆ ಸುರಿಯಬೇಕಾಗಿ ಬಂದಿತ್ತು. ಏಪ್ರಿಲ್ 17ರಂದು ಅಮೆರಿಕದ ಕೃಷಿ ಇಲಾಖೆಯು 1,900 ಕೋಟಿ ಡಾಲರ್‌ಗಳ ನೆರವನ್ನು ಪ್ರಕಟಿಸಿತು. ಅದರಲ್ಲಿ 1,600 ಕೋಟಿ ನೇರವಾಗಿ ರೈತರಿಗೆ ಸಲ್ಲಬೇಕಾದ ಹಣ. ಆ ರಾಜ್ಯದ ಹಳ್ಳಿಗಾಡಿನ ಕೌಂಟಿಯೊಂದರಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ನೆಲೆಸಿರುವ ನಾನು, 60 ಹಸು ಸಾಕಿರುವ ನೆರೆಮನೆಯ ಹಿರಿಯರಿಗೆ ಅರ್ಜಿ ತುಂಬಲು ನೆರವಾದೆನಾದ್ದರಿಂದ ಈ ಸೇವೆಯನ್ನು ಹತ್ತಿರದಿಂದ ನೋಡಿದ್ದೇನೆ.

ಅರ್ಜಿ ಸ್ವೀಕಾರ ಮೇ 26ಕ್ಕೆ ಆರಂಭವಾಯಿತು. ನಮ್ಮ ರೈತ ಸಂಪರ್ಕ ಕೇಂದ್ರಗಳಂತೆ ಇಲ್ಲಿ ಕೌಂಟಿ ಮಟ್ಟದಲ್ಲಿ ಕೃಷಿ ಸೇವಾ ಕಚೇರಿಗಳಿವೆ. ಸೋಂಕಿನ ಭಯದಿಂದ ಬಾಗಿಲು ಮುಚ್ಚಿದ್ದರೂ ಸಿಬ್ಬಂದಿ ಫೋನಿನಲ್ಲೇ ಸಮಯ ಕೊಟ್ಟು, ಪ್ರತಿಯೊಂದು ಕಲಮನ್ನೂ ತಾಳ್ಮೆಯಿಂದ ವಿವರಿಸಿದರು. ಜನವರಿಯಿಂದ ಮಾರ್ಚ್‌ವರೆಗಿನ ಹಾಲಿನ ಪ್ರಮಾಣವನ್ನು ಡೇರಿಯ ಬಿಲ್ಲುಗಳಿಂದ ಕೂಡಿಸಿ ಬರೆದು ಸಹಿ ಮಾಡಿದರೆ ಸಾಕಿತ್ತು. ದಾಖಲೆಗಳನ್ನು ಲಗತ್ತಿಸಬೇಕಿರಲಿಲ್ಲ, ಮುಂದೆ ಕೇಳಿದರೆ ತೋರಿಸುವಂತೆ ಇಟ್ಟುಕೊಂಡಿದ್ದರಾಯಿತು. ರೈತನ ಮಾತನ್ನು ಮೊದಲು ನಂಬಿದ ಈ ಕ್ರಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೊದಲಿಗೆ ಶೇ. 80ರಷ್ಟು ಹಣ, ಉಳಿದದ್ದು ಅನಂತರ.

ನನ್ನ ತಕರಾರಿರುವುದು ಅಳತೆಯ ಬಗ್ಗೆ. ಹಾಲಿಗೆ ಗೊತ್ತುಮಾಡಿದ್ದ ದರ 100 ಪೌಂಡಿಗೆ ಸುಮಾರು 6.20 ಡಾಲರ್. ಹಸುವೊಂದು ಮೂರು ತಿಂಗಳಲ್ಲಿ 6,000 ಪೌಂಡ್ ಹಾಲು ಕೊಟ್ಟರೆ 60 ಹಸುಗಳ ಕೊಟ್ಟಿಗೆಗೆ ಸುಮಾರು 22,300 ಡಾಲರ್ ಸಿಗುತ್ತಿತ್ತು. ಅದೇ ಲೆಕ್ಕದಲ್ಲಿ 670ಕ್ಕೂ ತುಸು ಹೆಚ್ಚು ಹಸುಗಳಿರುವ ಡೇರಿಯು ಒಬ್ಬ ವ್ಯಕ್ತಿಗಿದ್ದ 2,50,000 ಡಾಲರ್‌ಗಳ ಮಿತಿಯನ್ನು ಮುಟ್ಟುತ್ತಿತ್ತು. ಕಂಪನಿಯಾಗಿದ್ದು, ತಲಾ 400 ಗಂಟೆ ದುಡಿಮೆ ಅಥವಾ ಮೇಲ್ವಿಚಾರಣೆ ನಡೆಸಿದ ಮೂವರು ಪಾಲುದಾರರಿದ್ದರೆ ಮಿತಿಯೇ 7,50,000ಕ್ಕೆ ಏರುತ್ತಿತ್ತು. ಯಾರ ಬಳಿ ಉಳಿತಾಯವಿದೆ, ಯಾರು ಮುಂದಿನ ತಿಂಗಳ ಮೇವಿಗೇ ಸಾಲ ಮಾಡಬೇಕು ಎಂಬುದನ್ನು ಆ ನಮೂನೆಯ ಯಾವ ಕಲಮೂ ಕೇಳಲಿಲ್ಲ. ಕಂಪನಿಗಳ ಮರಿಗಳನ್ನು ಗುತ್ತಿಗೆಯ ಮೇಲೆ ಸಾಕುವ ಕೋಳಿ ಸಾಕಣೆದಾರರಂತೂ, ಶೆಡ್ಡಿನ ಸಾಲ ತಮ್ಮ ತಲೆಯ ಮೇಲಿದ್ದರೂ, ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಆರಂಭವಾದ ನೆರವಿನ ಮೊದಲೆರಡು ಸುತ್ತುಗಳಲ್ಲಿ ಅರ್ಹರೇ ಆಗಿರಲಿಲ್ಲ; ಅವರಿಗೆ ದಾರಿ ತೆರೆದದ್ದು ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ. ಎರಡು ಸುತ್ತುಗಳ ಸುಮಾರು 2,600 ಕೋಟಿ ಡಾಲರ್‌ಗಳಲ್ಲಿ ಕಪ್ಪು ರೈತರಿಗೆ ಸಂದದ್ದು ಶೇ. 0.1 ಮಾತ್ರ ಎಂದು 2021ರ ಮಾರ್ಚ್‌ನಲ್ಲಿ ಆಗಿನ ಕೃಷಿ ಕಾರ್ಯದರ್ಶಿ ಟಾಮ್ ವಿಲ್ಸಾಕ್ ಅವರೇ ಹೇಳಿದಾಗ ನನಗೆ ಬಹಳ ನೋವಾಯಿತು.

ಸೆಪ್ಟೆಂಬರ್ 21ಕ್ಕೆ ಆರಂಭವಾದ ಎರಡನೆಯ ಸುತ್ತು ತರಕಾರಿ ಬೆಳೆಗಾರರ ಮಟ್ಟಿಗೆ ಸುಧಾರಿಸಿತ್ತು. ಮೊದಲ ಸುತ್ತಿನಲ್ಲಿ ಬೆಳೆವಾರು ಪೌಂಡುಗಳ ಲೆಕ್ಕ ಕೊಡಬೇಕಾಗಿತ್ತು. ಇಪ್ಪತ್ತು ಬಗೆಯ ಸೊಪ್ಪು, ಕಾಯಿಗಳನ್ನು ಸಂತೆಯಲ್ಲಿ ಮಾರುವವರಿಗೆ ಅದು ಆಗದ ಕೆಲಸ. ಈ ಬಾರಿ 2019ರ ಮಾರಾಟವೇ ಆಧಾರವಾಗಿ, ಮೊದಲ 49,999 ಡಾಲರ್‌ಗಳಿಗೆ ಶೇ. 10.6 ದರ ನಿಗದಿಯಾಯಿತು. ಮಾರಾಟ ಹೆಚ್ಚಿದಂತೆ ದರ ಇಳಿಯುವ ಈ ಕ್ರಮವು ಮೇ ತಿಂಗಳಲ್ಲೇ ಬರಬೇಕಿತ್ತು. ವರ್ಷಕ್ಕೆ 20,000 ಡಾಲರ್ ವ್ಯಾಪಾರ ಮಾಡುವ ಕುಟುಂಬಕ್ಕೆ ಇದರಿಂದ ಸಿಗುತ್ತಿದ್ದುದು 2,120 ಡಾಲರ್. ಬೀಜಕ್ಕೂ ಸಸಿಗೂ ಕೈಯಲ್ಲಿ ಕಾಸಿರಬೇಕಾದ ವಸಂತ ಕಳೆದು, ಸಂತೆಯ ಋತು ಮುಗಿಯುವ ಹೊತ್ತಿಗೆ ಅವರು ಆ ಅರ್ಜಿಯನ್ನು ತುಂಬುತ್ತಿದ್ದರು.