ಪ್ರೀತಿ ಹುಡುಕುವ ಪ್ಯಾರಿಸ್ ಹುಡುಗ-ಹುಡುಗಿಯರು: ಮೂರರಲ್ಲಿ ಯಾವುದು ನೋಡೋದು?

ಹಳೆಯ ಫ್ರೆಂಚ್ ಸಿನಿಮಾ ಒಂದೇ ನೋಡಬೇಕು, ಪ್ರೀತಿಗಾಗಿ ಅಲೆಯುವ ಯುವಕರ ಕಥೆ ಇರಬೇಕು ಅಂದಿದ್ದೀರಿ. ನನಗೆ ನೆನಪಾಗುವುದು ಮೂರು ನಿರ್ದೇಶಕರ ಮೂರು ಸಿನಿಮಾ: ಕಾರ್ನೆಯ ‘ಲೆ ತ್ರಿಶರ್’ (1958), ಶಬ್ರೋಲ್‌ನ ‘ಲೆ ಬೋನ್ ಫಾಮ್’ (1960), ರೋಜಿಯೆಯ ‘ಅದ್ಯೂ ಫಿಲಿಪೀನ್’ (1962).

ಕಥೆ ಗಟ್ಟಿಯಾಗಿರಬೇಕು ಅಂದರೆ ಮೊದಲನೆಯದು. ಕೆಫೆ, ಜಾಝ್, ಪಾರ್ಟಿ. ಮಿಕ್ ಅನ್ನುವ ಹುಡುಗಿ, ಬಾಬ್ ಅನ್ನುವ ಹುಡುಗ, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿದೆ, ಆದರೆ ಬಾಯಿ ಬಿಡುವುದಿಲ್ಲ. ಪ್ರೀತಿಸಿದರೆ ಗುಂಪಿನಲ್ಲಿ ಮರ್ಯಾದೆ ಹೋಗುತ್ತದಂತೆ! ಸ್ವಲ್ಪ ನೀತಿಪಾಠದ ವಾಸನೆ ಇದೆ, ಬೋರ್ ಮಾತ್ರ ಆಗುವುದಿಲ್ಲ.

ಶಬ್ರೋಲ್‌ನಲ್ಲಿ ಕಥೆ ಕಡಿಮೆ, ದಿನಚರಿ ಜಾಸ್ತಿ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ನಾಲ್ವರು ಹುಡುಗಿಯರು ಸಂಜೆ ಯಾವಾಗ ಆಗುತ್ತೋ ಅಂತ ಕಾಯುತ್ತಾರೆ. ಒಬ್ಬಳು ಯಾರಿಗೂ ಹೇಳದೆ ರಾತ್ರಿ ಹಾಡಲು ಹೋಗುತ್ತಾಳೆ. ಇನ್ನೊಬ್ಬಳ ಹಿಂದೆ ಬೈಕಿನವನೊಬ್ಬ ಸುಮ್ನೆ ಸುತ್ತುತ್ತಾನೆ. ಅವಳಿಗೆ ಅದೇ ಪ್ರೀತಿ. ಈಜುಕೊಳದಲ್ಲಿ ಇಬ್ಬರು ಗಂಡಸರು ಹುಡುಗಿಯರನ್ನು ಗೋಳು ಹುಯ್ದುಕೊಳ್ಳುವ ದೃಶ್ಯವಿದೆ. ತಮಾಷೆ ಎಲ್ಲಿ ಮುಗಿದು ಹಿಂಸೆ ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ. ಕೊನೆಯನ್ನು ಹೇಳಿ ಕೆಡಿಸುವುದಿಲ್ಲ. ಮನಸ್ಸು ಮೊದಲೇ ಸರಿ ಇಲ್ಲದ ದಿನ ಇದು ಬೇಡ.

ಹಗುರವಾಗಿರಬೇಕಾ? ಹಾಗಾದರೆ ರೋಜಿಯೆ. ಟಿವಿ ಸ್ಟುಡಿಯೋದ ಹುಡುಗ, ಇಬ್ಬರು ಗೆಳತಿಯರು, ಕಾರ್ಸಿಕಾ ದ್ವೀಪದ ಬಿಸಿಲು. ಅವನಿಗೆ ಸೇನೆಯ ಕರೆ ಬರುವುದಿದೆ, ಅದು ಫ್ರಾನ್ಸ್ ತನ್ನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ ಯುದ್ಧ ಮಾಡುತ್ತಿದ್ದ ಕಾಲ. ಆದರೂ ಸಿನಿಮಾ ನಿಮ್ಮನ್ನು ಅಳಿಸಲು ಹೊರಡುವುದಿಲ್ಲ. ಮಾತು ಬಹಳ, ಸಬ್‌ಟೈಟಲ್ ಓದಲು ತಾಳ್ಮೆ ಬೇಕು.

ಫ್ರೆಂಚ್ ಹೊಸ ಅಲೆ, ಅಂದರೆ ಆ ಕಾಲದ ಯುವ ನಿರ್ದೇಶಕರು ಹಳೆಯ ಶೈಲಿ ಬಿಟ್ಟು ಸಿನಿಮಾ ಮಾಡಿದ ಚಳವಳಿ, ಹೇಗಿತ್ತು ಅಂತ ತಿಳಿಯುವ ಆಸೆ ಇದ್ದರೆ ಮಾತ್ರ ಒಂದಕ್ಕೇ ನಿಲ್ಲಿಸಬೇಡಿ. ಹಳೆಯ ತಲೆಮಾರಿನ ಕಾರ್ನೆ ಮೊದಲು, ಹೊಸ ಅಲೆಯ ಶಬ್ರೋಲ್ ಆಮೇಲೆ; ವ್ಯತ್ಯಾಸ ತಾನೇ ಕಾಣುತ್ತದೆ.