ಮೈನಸ್ 20ರಲ್ಲಿ ಕ್ಯಾಮೆರಾ: ಜೇಬಾ, ಹ್ಯಾಂಡ್ ವಾರ್ಮರಾ, ಪವರ್ ಬ್ಯಾಂಕಾ?

ಚಳಿಗಾಲದಲ್ಲಿ ಹಿಮಾಚಲದ ಸ್ಪಿತಿಗೆ ಹಿಮಚಿರತೆ ನೋಡೋಕೆ ಹೋಗೋರು ನಮ್ಮ ಕಡೆ ಈಗ ಜಾಸ್ತಿ ಆಗಿದಾರೆ, ಹೊರಡೋ ಮುಂಚೆ ಎಲ್ಲರದ್ದೂ ಒಂದೇ ಪ್ರಶ್ನೆ, ಯಾವ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತಗೊಂಡೋಗ್ಲಿ, ನೀರು ಧೂಳು ತಡೆಯೋ ವೆದರ್ ಸೀಲಿಂಗ್ ಇರೋದೇ ಬೇಕಾ ಅಂತ. ನನ್ನ ಕೇಳಿದ್ರೆ ಬಾಡಿ ವಿಷಯ ಆಮೇಲೆ. ಸ್ಪಿತಿಯ ಕಿಬ್ಬರ್ ಊರೇ 4,200 ಮೀಟರ್ ಎತ್ತರದಲ್ಲಿದೆ, ಜನವರಿ ಫೆಬ್ರವರಿ ರಾತ್ರಿ ಮೈನಸ್ 20ರ ಕೆಳಗೆ ಹೋಗೋದು ಅಲ್ಲಿ ಮಾಮೂಲಿ, ಅಂಥ ಕಡೆ ನಾನು ಒಂದೊಂದು ದಿನ ಒಂದೊಂದು ರೀತಿ ಟ್ರೈ ಮಾಡಿ ನೋಡಿದೀನಿ. ಚಳಿ ಕ್ಯಾಮೆರಾನ ನಿಲ್ಲಿಸುತ್ತೆ ಅಷ್ಟೇ. ಹಾಳು ಮಾಡೋದು ವಾಪಸ್ ಬಂದು ಕೂರೋ ಬೆಚ್ಚಗಿನ ರೂಮು.

ಮೊದಲು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಚಳಿಗೆ ನಿಜವಾಗ್ಲೂ ಖಾಲಿ ಆಗಲ್ಲ, ಒಳಗಿನ ಕೆಮಿಕಲ್ ರಿಯಾಕ್ಷನ್ ನಿಧಾನ ಆಗಿ ರೆಸಿಸ್ಟೆನ್ಸ್ ಜಾಸ್ತಿ ಆಗುತ್ತೆ, ವೋಲ್ಟೇಜ್ ಬೀಳುತ್ತೆ, ಕ್ಯಾಮೆರಾ ಅದನ್ನ ನೋಡಿ ಚಾರ್ಜ್ ಮುಗೀತು ಅಂದ್ಕೊಂಡು ಆಫ್ ಆಗ್ಬಿಡುತ್ತೆ. ಬೆಚ್ಚಗೆ ಮಾಡಿದ್ರೆ ಮತ್ತೆ ಜೀವ ಬರುತ್ತೆ. ಹಾಗಾಗಿ ಪೈಪೋಟಿ ಇರೋದು ಯಾವ್ದು ಚೆನ್ನಾಗಿ ಬೆಚ್ಚಗಿಡುತ್ತೆ ಅನ್ನೋದ್ರಲ್ಲಿ.

ಒಳಜೇಬಿಗೇ ನನ್ನ ವೋಟು. ಮೇಲಿನ ದಪ್ಪ ಜಾಕೆಟ್ ಜೇಬು ಪ್ರಯೋಜನ ಇಲ್ಲ, ಅದೂ ಫ್ರೀಜರ್ರೇ, ಫ್ಲೀಸ್ ಒಳಗೆ ಮೈಗೆ ತಾಗೋ ಹಾಗೆ ಇರ್ಬೇಕು. ನಾನು ಬಲಗಡೆ ಫುಲ್ ಚಾರ್ಜ್ ಇರೋದು, ಎಡಗಡೆ ಕ್ಯಾಮೆರಾ ಕೈಕೊಟ್ಟಿದ್ದು ಅಂತ ಇಟ್ಕೊಂಡು ತಿರುಗಿಸ್ತಾ ಇರ್ತೀನಿ, ಎಡಗಡೆದು ಸ್ವಲ್ಪ ಹೊತ್ತು ಮೈ ಬಿಸಿ ತಗೊಂಡ್ರೆ ಇನ್ನೊಂದಷ್ಟು ಫೋಟೋ ಕೊಡುತ್ತೆ. ಬ್ಯಾಟರಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿರಿ, ಅದೇ ಜೇಬಲ್ಲಿ ಕೀ, ಚಿಲ್ಲರೆ ಬೇಡ, ಶಾರ್ಟ್ ಆಗುತ್ತೆ.

ಹ್ಯಾಂಡ್ ವಾರ್ಮರ್ ಪ್ಯಾಕೆಟ್ ಬಗ್ಗೆ ಬಹಳ ಹೊಗಳಿ ಕಳಿಸಿದ್ರು, ನಂಗೆ ಅಷ್ಟೇನು ಹಿಡಿಸ್ಲಿಲ್ಲ. ಅದರೊಳಗೆ ಇರೋದು ಕಬ್ಬಿಣದ ಪುಡಿ, ಗಾಳಿ ತಾಗಿ ತುಕ್ಕು ಹಿಡಿಯೋವಾಗ ಬರೋ ಬಿಸಿ ಅದು, ಕಿಬ್ಬರ್ ಎತ್ತರದಲ್ಲಿ ಆಕ್ಸಿಜನ್ ಸಮುದ್ರಮಟ್ಟದ ಸುಮಾರು 60 ಪರ್ಸೆಂಟ್ ಅಷ್ಟೇ, ಅದರ ಮೇಲೆ ನೀವು ಬ್ಯಾಟರಿ ಜೊತೆ ಸೇರಿಸಿ ಪೌಚ್ ಒಳಗೆ ಜಿಪ್ ಹಾಕಿಟ್ರೆ ಇರೋ ಗಾಳೀನೂ ಸಿಗಲ್ಲ, ಸುಮ್ನೆ ಉಗುರುಬೆಚ್ಚಗೆ ಇರುತ್ತೆ. ಆದ್ರೆ ಒಂದು ಕೆಲಸಕ್ಕೆ ಇದನ್ನ ಮೀರಿಸೋದು ಇಲ್ಲ: ರಾತ್ರಿ ನಕ್ಷತ್ರದ ಫೋಟೋ ತೆಗೆಯುವಾಗ ಲೆನ್ಸ್ ಸುತ್ತ ರಬ್ಬರ್ ಬ್ಯಾಂಡಲ್ಲಿ ಕಟ್ಟಿದ್ರೆ ಗ್ಲಾಸ್ ಮೇಲೆ ಮಂಜು ಕಟ್ಟಲ್ಲ.

ಪವರ್ ಬ್ಯಾಂಕನ್ನ ಜಾಕೆಟ್ ಒಳಗಿಟ್ಟು ಯುಎಸ್‌ಬಿ ಕೇಬಲ್ ಹೊರಗೆ ತಂದು ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ದೆ ಸ್ಕ್ರೀನಲ್ಲೇ ನೋಡೋ ಕ್ಯಾಮೆರಾ) ಹಾಕೋದು ಮೂರನೇದು. ಟ್ರೈಪಾಡ್ ಪಕ್ಕ ನಿಂತು ಟೈಮ್‌ಲ್ಯಾಪ್ಸ್ ಮಾಡೋರಿಗೆ ಸೂಪರ್. ಆದ್ರೆ ಎದುರು ಬೆಟ್ಟದಲ್ಲಿ ಚಿರತೆ ಕಾಣಿಸ್ತು ಅಂತ ಸ್ಪಾಟರ್ (ಪ್ರಾಣಿ ಹುಡುಕಿಕೊಡೋ ಸ್ಥಳೀಯ) ಕೈ ತೋರಿಸಿದ ತಕ್ಷಣ ಓಡ್ಬೇಕಲ್ಲ, ಆಗ ಕ್ಯಾಮೆರಾಗೆ ನಿಮ್ಮನ್ನ ಕಟ್ಟಿ ಹಾಕ್ದಂಗೆ ಆಗುತ್ತೆ, ಕೇಬಲ್ಲೂ ಚಳಿಗೆ ಕಡ್ಡಿ ಥರ ಸೆಟೆದುಕೊಳ್ಳುತ್ತೆ, ಪೋರ್ಟ್ ಮುಚ್ಚಳ ತೆರೆದೇ ಇರೋದ್ರಿಂದ ಹಿಮ ಒಳಗೆ ಹೋಗೋ ಭಯ ಬೇರೆ. ಇನ್ನೊಂದು ಮುಖ್ಯ, ಸೊನ್ನೆಗಿಂತ ಕೆಳಗೆ ತಣ್ಣಗಾಗಿರೋ ಲಿಥಿಯಂ ಬ್ಯಾಟರಿನ ಚಾರ್ಜ್ ಮಾಡ್ಬಾರ್ದು, ಒಳಗೆ ಲೋಹದ ಪದರ ಕಟ್ಟಿ ಶಾಶ್ವತವಾಗಿ ಕೆಟ್ಟೋಗುತ್ತೆ. ಕೆಲವು ಬಾಡಿ ಕೇಬಲ್ ಹಾಕಿ ಆನ್ ಇಟ್ರೆ ಪವರ್ ಮಾತ್ರ ತಗೊಳುತ್ತೆ, ಕೆಲವು ಚಾರ್ಜ್ ಮಾಡೋಕೆ ಹೋಗುತ್ತೆ, ನಿಮ್ದು ಯಾವ್ದು ಅಂತ ಮ್ಯಾನ್ಯುಯಲ್ ನೋಡಿ. ರಾತ್ರಿ ಚಾರ್ಜಿಗೆ ಹಾಕೋ ಮುಂಚೆನೂ ಬ್ಯಾಟರಿ ರೂಮಿನ ಬಿಸಿಗೆ ಬಂದಿದ್ಯಾ ಅಂತ ಮುಟ್ಟಿ ನೋಡಿ.

ಈಗ ಅಸಲಿ ವಿಷಯ. ಹೋಮ್‌ಸ್ಟೇಲಿ ಎಲ್ಲರೂ ಕೂರೋದು ತಂದೂರ್ ಒಲೆ ಇರೋ ರೂಮಲ್ಲೇ, ಒಲೆ ಮೇಲೆ ಕೆಟಲ್ ಸದಾ ಕುದೀತಾ ಇರುತ್ತೆ, ಪಕ್ಕದಲ್ಲಿ ಒದ್ದೆ ಸಾಕ್ಸು, ಇನ್ನೊಂದು ಕಡೆ ಮೊಮೊ ಬೇಯ್ತಿರುತ್ತೆ, ರೂಮೆಲ್ಲಾ ನೀರಾವಿ. ಹೊರಗಡೆ ಇಡೀ ದಿನ ಇದ್ದ ಕ್ಯಾಮೆರಾನ ಇಲ್ಲಿಗೆ ತಂದ್ರೆ ಫ್ರಿಜ್ಜಿಂದ ತೆಗೆದ ಬಾಟಲ್ ಥರ ಬೆವರುತ್ತೆ, ಹೊರಗಡೆ ಕಾಣೋ ನೀರು ಒರೆಸ್ಬಹುದು, ಲೆನ್ಸ್ ಒಳಗೆ, ಸರ್ಕ್ಯೂಟ್ ಮೇಲೆ ಕೂತಿದ್ದನ್ನ ಏನ್ ಮಾಡ್ತೀರಾ. ಅದೇ ಒದ್ದೇಲಿ ಮತ್ತೆ ಹೊರಗೆ ತಗೊಂಡೋದ್ರೆ ಐಸ್ ಆಗುತ್ತೆ.

ಬರೀ ಕ್ಯಾಮೆರಾ ಬ್ಯಾಗ್ ಜಿಪ್ ಹಾಕಿ ಒಳಗೆ ತಂದಿಟ್ಟು ನೋಡ್ದೆ. ದಪ್ಪ ಪ್ಯಾಡಿಂಗ್ ಇರೋದ್ರಿಂದ ನಿಧಾನಕ್ಕೆ ಬಿಸಿ ಆಗುತ್ತೆ, ಪರವಾಗಿಲ್ಲ, ಆದ್ರೆ ಮಧ್ಯೆ ಯಾರಾದ್ರೂ ಫೋಟೋ ತೋರ್ಸಿ ಗುರು ಅಂತಾರೆ, ತೆಗೀತೀವಿ, ಮುಗೀತು. ಜಿಪ್‌ಲಾಕ್ ಕವರ್ ಇದಕ್ಕಿಂತ ಗ್ಯಾರಂಟಿ, ಅದನ್ನ ಬಾಗಿಲ ಹೊರಗೇ ಮುಚ್ಚಿದ್ರೆ ಒಳಗೆ ಉಳಿಯೋದು ಅಲ್ಲಿನ ಒಣ ಗಾಳಿ, ನೀರು ಕಟ್ಟೋದಿದ್ರೂ ಕವರ್ ಮೇಲೆ ಕಟ್ಟುತ್ತೆ. ಒಳಗೆ ಬಂದ್ಮೇಲೆ ಮುಚ್ಚಿದ್ರೆ ಒಲೆ ರೂಮಿನ ಆವಿನೇ ಪ್ಯಾಕ್ ಮಾಡ್ದಂಗೆ. ದೂರದ್ದನ್ನ ಹತ್ತಿರ ತೋರ್ಸೋ ದೊಡ್ಡ ಟೆಲಿ ಲೆನ್ಸ್ ಇದ್ರೆ ಎರಡು ಮೂರು ಗಂಟೆ ಮುಟ್ಬೇಡಿ, ಅಷ್ಟು ದೊಡ್ಡ ಜಿಪ್‌ಲಾಕ್ ಸಿಗದಿದ್ರೆ ದಪ್ಪ ಗಾರ್ಬೇಜ್ ಕವರ್ ಗಟ್ಟಿಯಾಗಿ ಕಟ್ಟಿದ್ರೂ ನಡಿಯುತ್ತೆ. ತೇವ ಹೀರೋ ಸಿಲಿಕಾ ಜೆಲ್ ಕಬಿನಿ ಮಳೇಲಿ ಬೇಕು ಸರಿ, ಇಲ್ಲಿ ಅದರ ಕೆಲಸ ಅಷ್ಟಕ್ಕಷ್ಟೆ.

ಆದ್ರೆ ನಾನು ಕೊನೆಗೆ ಉಳಿಸ್ಕೊಂಡಿದ್ದು ಸೋಂಬೇರಿ ದಾರಿ: ಕ್ಯಾಮೆರಾನ ಒಲೆ ರೂಮಿಗೇ ತರಲ್ಲ. ಕಾರ್ಡೂ ಬ್ಯಾಟರಿನೂ ತೆಗೆದು ಜೇಬಿಗೆ, ಬಾಡಿ ಲೆನ್ಸ್ ಬ್ಯಾಗಲ್ಲಿ ಹಾಕಿ ಒಲೆ ಇಲ್ದಿರೋ ತಣ್ಣನೆ ರೂಮಲ್ಲಿ. ಬ್ಯಾಟರಿ ಇಲ್ದೆ ಆಫ್ ಆಗಿರೋ ಬಾಡಿಗೆ ಆ ಚಳಿ ನನ್ನ ಅನುಭವದಲ್ಲಿ ಏನೂ ಮಾಡಿಲ್ಲ, ಬೆಳಿಗ್ಗೆ ಬೆಚ್ಚಗಿನ ಬ್ಯಾಟರಿ ಹಾಕಿದ್ರೆ ರೆಡಿ, ಮಂಜು ಗಿಂಜು ಕಾಯೋ ಕೆಲಸನೇ ಇಲ್ಲ.

ಬಾಡಿ ವಿಷಯಕ್ಕೆ ಬಂದ್ರೆ, ಹೆಚ್ಚಿನ ಕ್ಯಾಮೆರಾಗಳ ಮ್ಯಾನ್ಯುಯಲ್‌ನಲ್ಲಿ ಕೆಲಸ ಮಾಡೋ ತಾಪಮಾನ ಅಂತ ಬರೆದಿರೋದು 0ಯಿಂದ 40 ಡಿಗ್ರಿ, ಫ್ಯೂಜಿಫಿಲ್ಮ್ ಎಕ್ಸ್-ಟಿ5, ನಿಕಾನ್ ಝಡ್8 ಥರದವು ಮೈನಸ್ 10 ಅಂತವೆ. ಅಂದ್ರೆ ಕಿಬ್ಬರ್ ಮುಂಜಾನೆಗೆ ಎಲ್ಲವೂ ರೇಟಿಂಗ್ ಹೊರಗೇ. ಕನ್ನಡಿ ಇರೋ ಡಿಎಸ್‌ಎಲ್‌ಆರ್, ಮಿರರ್‌ಲೆಸ್ ಎರಡೂ ಒಯ್ದಿದ್ದೆ, ಗಂಟೆಗಟ್ಲೆ ವ್ಯೂಫೈಂಡರಲ್ಲಿ ಬಂಡೆ ದಿಟ್ಟಿಸೋ ಕೆಲಸಕ್ಕೆ ಡಿಎಸ್‌ಎಲ್‌ಆರ್ ಗೆದ್ದಿತು, ಬರೀ ಕನ್ನಡಿಲಿ ನೋಡೋಕೆ ಕರೆಂಟ್ ಬೇಡ್ವಲ್ಲ. ಹಾಗಂತ ಹಳೇದು ಹುಡುಕ್ಕೊಂಡು ಹೋಗ್ಬೇಡಿ, ಮಿರರ್‌ಲೆಸ್ ಇದ್ರೆ ಆ ದುಡ್ಡಲ್ಲಿ ಎರಡು ಬ್ಯಾಟರಿ ಜಾಸ್ತಿ ತಗೊಳಿ, ಫ್ಲೈಟಲ್ಲಿ ಎಲ್ಲಾ ಬಿಡಿ ಬ್ಯಾಟರಿ ಕ್ಯಾಬಿನ್ ಬ್ಯಾಗಲ್ಲೇ ಇರ್ಲಿ. ಗ್ಲೌಸ್ ತೆಳ್ಳಂದು ಒಳಗೆ, ಬೆರಳು ಮಡಚೋ ಮಿಟ್ಟನ್ ಮೇಲೆ, ದಪ್ಪ ಸ್ಕೀ ಗ್ಲೌಸಲ್ಲಿ ಶಟರ್ ಎಲ್ಲಿದೆ ಅಂತನೇ ಗೊತ್ತಾಗಲ್ಲ. ಟ್ರೈಪಾಡ್ ಕಾರ್ಬನ್ ಫೈಬರ್ ಆದ್ರೆ ಒಳ್ಳೇದು, ಅಲ್ಯೂಮಿನಿಯಂ ಇದ್ರೂ ಬಿಸಾಕ್ಬೇಡಿ, ಎಸಿ ಪೈಪಿಗೆ ಹಾಕೋ ಕಪ್ಪು ಫೋಮ್ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ, ಕಾಲುಗಳ ಮೇಲಿನ ಭಾಗಕ್ಕೆ ಸುತ್ತಿ ಟೇಪ್ ಹಾಕಿದ್ರೆ ಲೋಹದ ಚಳಿಗೆ ಕೈ ಸುಡಲ್ಲ.